ಬೈಯದೆ ಬಯಲಿಗೆಳೆಯುವ ವಚನ

(ಕಾಲೇಜೊಂದರ ಕನ್ನಡ ಸಂಘದಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಉಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇವತ್ತು ನಿಮಗೆ ಹೊಸ ಪದ್ಯವನ್ನೇನೂ ತಂದಿಲ್ಲ. ಇಲ್ಲಿ ಕೂತಿರುವ ಎಲ್ಲರಿಗೂ ಬಾಯಿಪಾಠ ಇರುವುದನ್ನೇ ತಂದಿದ್ದೇನೆ. ಬಾಯಿಪಾಠ ಆದದ್ದನ್ನು ನಾವು ಆಮೇಲೆ ಓದುವುದೇ ಇಲ್ಲ. ಅದೇ ಅದರ ತೊಂದರೆ. ಆದ್ದರಿಂದ ಒಮ್ಮೆ ನಿಧಾನವಾಗಿ ಕೇಳಿಸಿಕೊಳ್ಳಿ.

ಕಲ್ಲ ನಾಗರ ಕಂಡಡೆ ಹಾಲನೆರೆಯೆಂಬರು,
ದಿಟದ ನಾಗರ ಕಂಡಡೆ ಕೊಲ್ಲೆಂಬರಯ್ಯಾ.
ಉಂಬ ಜಂಗಮ ಬಂದಡೆ ನಡೆಯೆಂಬರು,
ಉಣ್ಣದ ಲಿಂಗಕ್ಕೆ ಬೋನವ ಹಿಡಿಯೆಂಬರಯ್ಯಾ.
ನಮ್ಮ ಕೂಡಲಸಂಗನ ಶರಣರ ಕಂಡು ಉದಾಸೀನವ ಮಾಡಿದಡೆ
ಕಲ್ಲ ತಾಗಿದ ಮಿಟ್ಟೆಯಂತಪ್ಪರಯ್ಯಾ.

ಬಸವಣ್ಣನವರ ವಚನ, 12ನೇ ಶತಮಾನದ್ದು. ಪಾಠಗಳಲ್ಲಿ ಚಿಕ್ಕಪುಟ್ಟ ವ್ಯತ್ಯಾಸಗಳಿವೆ. ಕೆಲವು ಕಡೆ ‘ಕಂಡಡೆ’ ಇದ್ದರೆ ಕೆಲವು ಕಡೆ ‘ಕಂಡರೆ’ ಇದೆ. ಇವತ್ತಿನ ಮಾತಿಗೆ ಅದರಿಂದ ಅಡ್ಡಿಯಿಲ್ಲ.

ಹಸಿದವನನ್ನು ಅಟ್ಟಿ ದೇವರಿಗೆ ಎಡೆ ಇಡುವವರ ಬಗ್ಗೆ ಈ ವಚನ ಎಂದು ನಿಮಗೆಲ್ಲ ಗೊತ್ತು. ಅರ್ಥ ಹೇಳುವುದಕ್ಕೆ ನಾನು ಬೇಕಾಗಿಲ್ಲ. ನನ್ನ ಪ್ರಶ್ನೆ ಬೇರೆ. ಇದು ಇಷ್ಟು ಜೋರಾಗಿ ತಾಗುತ್ತದಲ್ಲ, ಯಾವುದರಿಂದ? ಬೈಗುಳದಿಂದ ಅಂತೂ ಅಲ್ಲ. ಮೊದಲ ನಾಲ್ಕು ಸಾಲುಗಳಲ್ಲಿ ಒಂದೇ ಒಂದು ಬೈಗುಳ ಹುಡುಕಿ ಕೊಡಿ ನೋಡೋಣ. ಡಾಂಭಿಕರು ಅಂತ ಇಲ್ಲ, ಮೂಢರು ಅಂತ ಇಲ್ಲ, ಪಾಪಿಗಳು ಅಂತಲೂ ಇಲ್ಲ. ‘ಇದು ಸರಿಯೇ?’ ಎಂಬ ಪ್ರಶ್ನೆ ಕೂಡ ಇಲ್ಲ. ನಾಲ್ಕು ಸಂಗತಿಗಳನ್ನು ಒಂದು ಕ್ರಮದಲ್ಲಿ ಇಟ್ಟು ಕವಿ ಪಕ್ಕಕ್ಕೆ ಸರಿಯುತ್ತಾರೆ. ಆ ಇಟ್ಟ ಕ್ರಮವೇ ಈ ವಚನದ ಕಸುಬು. ನನ್ನ ಇವತ್ತಿನ ಮಾತೆಲ್ಲ ಅದರ ಸುತ್ತಲೇ.

ಬೈಯಲು ಬರುತ್ತಿರಲಿಲ್ಲವೇನೋ ಅಂದುಕೊಳ್ಳಬೇಡಿ. ಚೆನ್ನಾಗಿಯೇ ಬರುತ್ತಿತ್ತು! ‘ಏನಿ ಬಂದಿರಿ, ಹದುಳವಿದ್ದಿರೆ ಎಂದಡೆ ನಿಮ್ಮ ಮೈಸಿರಿ ಹಾರಿಹೋಹುದೇ?’ ಎನ್ನುವ ವಚನ ನೆನಪಿದೆ ಅಲ್ವಾ? ಮನೆಗೆ ಬಂದವರನ್ನು ಮಾತಾಡಿಸದವರ ಮೇಲೆ ಹೇಳಿದ್ದು. ಅಲ್ಲಿ ನೇರವಾಗಿ ಎದುರಿಗೆ ನಿಂತು ಕೇಳುತ್ತಾರೆ. ಕೂತ್ಕೊಳ್ಳಿ ಅಂದರೆ ನೆಲ ಕುಳಿ ಬೀಳುತ್ತದೆಯೇ ಎಂದು ಚುಚ್ಚುತ್ತಾರೆ. ಕೊನೆಗೆ ಕೂಡಲಸಂಗಯ್ಯ ಕೆಡವಿ ಮೂಗು ಕೊಯ್ಯದೆ ಬಿಡುತ್ತಾನೆಯೇ ಅನ್ನುವವರೆಗೂ ಹೋಗುತ್ತಾರೆ. ಅಂದರೆ ನಮ್ಮ ವಚನದಲ್ಲಿ ದನಿ ಏರಿಸದೆ ಇರುವುದು ಬೇಕೆಂದೇ ಮಾಡಿಕೊಂಡ ಆಯ್ಕೆ.

ಈಗ ಕ್ರಿಯಾಪದಗಳಿಗೆ ಬರೋಣ. ನಾಲ್ಕೂ ಸಾಲು ‘ಎಂಬರು’ ಎಂದು ಮುಗಿಯುತ್ತವೆ. ಹೀಗೆ ಹೇಳುತ್ತಾರೆ, ಹೀಗೆ ಅನ್ನುತ್ತಾರೆ. ‘ಹಾಲು ಎರೆಯುತ್ತಾರೆ’ ಎಂದು ವಚನ ಹೇಳುವುದಿಲ್ಲ. ‘ಹಾಲನ್ನು ಎರೆ ಎನ್ನುತ್ತಾರೆ’ ಎಂದು ಹೇಳುತ್ತದೆ. ‘ಕೊಲ್ಲುತ್ತಾರೆ’ ಎಂದೂ ಇಲ್ಲ, ‘ಕೊಲ್ಲು ಎನ್ನುತ್ತಾರೆ’ ಎಂದಿದೆ. ಎರೆ, ಕೊಲ್ಲು, ನಡೆ, ಹಿಡಿ. ನಾಲ್ಕೂ ಅಪ್ಪಣೆಗಳು. ಇಡೀ ವಚನದಲ್ಲಿ ಯಾರ ಕೈಯೂ ಅಲ್ಲಾಡುವುದಿಲ್ಲ. ಬಾಯಿ ಮಾತ್ರ ಅಲ್ಲಾಡುತ್ತದೆ. ಹಾಲಿನ ಚೆಂಬು ಬೇರೆ ಯಾರದೋ ಕೈಯಲ್ಲಿದೆ, ಹಾವು ಹೊಡೆಯುವ ಕೋಲೂ ಬೇರೆ ಯಾರದೋ ಕೈಯಲ್ಲಿದೆ. ದೇವರಿಗೆ ಹಿಡಿಯುವ ಬೋನವನ್ನು ಬೇಯಿಸಿದವರೂ ಇವರಲ್ಲ. ಭಕ್ತಿಯನ್ನೂ ಆಳಿನ ಕೈಯಲ್ಲಿ ಮಾಡಿಸುವ ಮನೆ ಇದು. ಉಳ್ಳವರ ಮನೆ ಎಂದು ಬಿಡಿಸಿ ಹೇಳಿಲ್ಲ. ಆದರೆ ಹೇಳಿ ಕೆಲಸ ಮಾಡಿಸುವವರು ಯಾರು? ಬಡವರ ಮನೆಯಲ್ಲಿ ‘ಎರೆ’ ಎಂದು ಹೇಳಿಸಿಕೊಳ್ಳಲು ಯಾರಿರುತ್ತಾರೆ? ಸಿರಿತನ, ಬಡತನ ಎರಡೂ ಈ ವಚನದೊಳಗೆ ಬಂದಿರುವುದು ವ್ಯಾಕರಣದ ಬಾಗಿಲಿನಿಂದ.

ಇನ್ನೊಂದು ಗಮನಿಸಿ. ‘ಎಂಬರು’ ಅಂದವರು ಯಾರು? ಕರ್ತೃಪದವೇ ಇಲ್ಲ. ಕನ್ನಡದಲ್ಲಿ ಹಾಗೆ ಬಿಡಬಹುದು, ವಾಕ್ಯಕ್ಕೆ ಏನೂ ಆಗುವುದಿಲ್ಲ. ‘ಉಳ್ಳವರು ಶಿವಾಲಯವ ಮಾಡುವರು’ ಎಂಬ ವಚನದಲ್ಲಿ ಮೊದಲ ಪದವೇ ಕರ್ತೃ. ಅಲ್ಲಿ ಬೆರಳು ಯಾರ ಕಡೆ ಎಂದು ಗೊತ್ತು. ಓದುವವನು ‘ನಾನು ಉಳ್ಳವನಲ್ಲ’ ಎಂದು ತಪ್ಪಿಸಿಕೊಳ್ಳಬಹುದು. ಇಲ್ಲಿ ತಪ್ಪಿಸಿಕೊಳ್ಳಲು ಹೆಸರೇ ಇಲ್ಲ. ಆ ಜಾಗ ಖಾಲಿ ಇದೆ. ಖಾಲಿ ಇರುವುದರಿಂದ ಯಾರು ಓದಿದರೂ ಅದರಲ್ಲಿ ಕೂರಬೇಕಾಗುತ್ತದೆ.

ಆ ನಾಲ್ಕು ಅಪ್ಪಣೆಗಳಲ್ಲಿ ಒಂದು ಮಾತ್ರ ಬೇರೆ ಜಾತಿಯದು. ಎರೆ, ಕೊಲ್ಲು, ಹಿಡಿ, ಇವು ಮೂರೂ ಮನೆಯವರಿಗೋ ಆಳಿಗೋ ಹೇಳಿದ್ದು. ‘ನಡೆ’ ಮಾತ್ರ ಬಾಗಿಲಲ್ಲಿ ನಿಂತವನ ಮುಖಕ್ಕೇ ಹೇಳಿದ್ದು. ಅದೂ ಏಕವಚನದಲ್ಲಿ. ಈಗಷ್ಟೇ ನೋಡಿದ ವಚನದಲ್ಲಿ ಬಂದವರಿಗೆ ‘ಏನಿ ಬಂದಿರಿ’ ಎಂದು ಬಹುವಚನ ಇತ್ತು. ಇಲ್ಲಿ ‘ನಡೆ’. ಊರಿನ ಕಡೆ ಈಗಲೂ ‘ನಡಿ ನಡಿ, ಮುಂದಕ್ಕೆ ಹೋಗು’ ಅನ್ನುತ್ತಾರಲ್ಲ, ಅದೇ ದನಿ. ಜಂಗಮ ಎಂದರೆ ಚಲಿಸುವವನು, ಒಂದೆಡೆ ನಿಲ್ಲದವನು. ನಡೆಯುವುದೇ ಅವನ ಹಿರಿಮೆ. ಅದೇ ಮಾತನ್ನು ತಿರುಗಿಸಿ ಅವನನ್ನು ಅಟ್ಟಲು ಬಳಸುತ್ತಾರೆ. ಬಸವಣ್ಣನವರು ಇದನ್ನು ಬೇಕೆಂದೇ ಮಾಡಿದರೋ, ಬಾಯಿಗೆ ಬಂದ ಮಾತು ಹಾಗೆ ಕೂಡಿತೋ, ನಾನು ವಾದ ಮಾಡುವುದಿಲ್ಲ. ವ್ಯಂಗ್ಯ ಅಂತೂ ಅಲ್ಲಿದೆ.

ಇನ್ನು ಸಾಲುಗಳ ಜೋಡಣೆ. ಇದು ನನಗೆ ತುಂಬಾ ಇಷ್ಟವಾದ ಭಾಗ, ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಮೊದಲ ಜೋಡಿಯಲ್ಲಿ ಕಲ್ಲು ಮೊದಲು, ಜೀವ ಆಮೇಲೆ. ಕಲ್ಲ ನಾಗರ, ದಿಟದ ನಾಗರ. ಎರಡನೇ ಜೋಡಿಗೆ ಬಂದಾಗ ನಮ್ಮ ಕಿವಿ ಅದೇ ಕ್ರಮವನ್ನು ಕಾಯುತ್ತಿರುತ್ತದೆ. ಮೊದಲು ಲಿಂಗ, ಆಮೇಲೆ ಜಂಗಮ ಬರಬೇಕು. ಆದರೆ ವಚನ ತಿರುಗಿಬಿಡುತ್ತದೆ. ಉಂಬ ಜಂಗಮ ಮೊದಲು, ಉಣ್ಣದ ಲಿಂಗ ಆಮೇಲೆ. ಒಟ್ಟು ನೋಡಿದರೆ ಕಲ್ಲು, ಜೀವ, ಜೀವ, ಕಲ್ಲು. ಎರಡು ತುದಿಗೆ ಕಲ್ಲು, ನಡುವೆ ಒಂದರ ಪಕ್ಕ ಒಂದು ಎರಡು ಜೀವ.

ಇದರಿಂದ ಏನಾಯಿತು? ಹಾವು ಮತ್ತು ಜಂಗಮ ಅಕ್ಕಪಕ್ಕ ಬಂದರು. ‘ಕೊಲ್ಲು’ ಎಂಬ ಮಾತು ಕಿವಿಯಿಂದ ಇನ್ನೂ ಹೋಗಿರುವುದಿಲ್ಲ, ಅಷ್ಟರಲ್ಲಿ ಜಂಗಮ ಬಾಗಿಲಿಗೆ ಬರುತ್ತಾನೆ. ಅವನಿಗೆ ಸಿಕ್ಕುವುದು ‘ನಡೆ’. ಒಂದನ್ನು ಕೊಂದರು, ಒಬ್ಬನನ್ನು ಅಟ್ಟಿದರು. ಹಸಿದವನನ್ನು ಅಟ್ಟುವುದೂ ಕೊಂದ ಹಾಗೆಯೇ ಎಂದು ವಚನ ಎಲ್ಲೂ ಹೇಳಿಲ್ಲ. ಎರಡು ಸಾಲನ್ನು ಪಕ್ಕದಲ್ಲಿ ಇಟ್ಟದ್ದೇ ಆ ಮಾತನ್ನು ಹೇಳಿತು. ಕ್ರಮ ಬದಲಿಸಿ ಓದಿ ನೋಡಿ. ‘ಉಣ್ಣದ ಲಿಂಗಕ್ಕೆ ಬೋನವ ಹಿಡಿಯೆಂಬರು, ಉಂಬ ಜಂಗಮ ಬಂದಡೆ ನಡೆಯೆಂಬರಯ್ಯಾ.’ ಅರ್ಥ ಅದೇ. ಪೆಟ್ಟು ಮಾತ್ರ ಅರ್ಧ.

ಒಂದು ಮಾತು ಸೇರಿಸುತ್ತೇನೆ. ಮೊದಲ ಜೋಡಿಯಲ್ಲಿ ಹಾವನ್ನು ಕೊಲ್ಲು ಅನ್ನುವವರ ಬಗ್ಗೆ ನಮಗೆ ಸ್ವಲ್ಪ ಅನುಕಂಪವೇ ಇರುತ್ತದೆ. ಮನೆಯೊಳಗೆ ನಾಗರಹಾವು ಬಂದರೆ ಹೆದರಿಕೆ ಆಗುವುದಿಲ್ಲವೇ? ಈಗ ಉರಗ ರಕ್ಷಕರಿಗೆ ಫೋನ್ ಮಾಡುತ್ತೇವೆ, ಅಷ್ಟು ಸುಧಾರಿಸಿದ್ದೇವೆ. ಆಗ ಕೋಲೇ ಗತಿ. ಹಾವಿಗೆ ವಿಷವಿದೆ, ಸರಿ. ಜಂಗಮನಿಗೆ ಏನಿದೆ? ಹಸಿವು ಬಿಟ್ಟರೆ ಏನೂ ಇಲ್ಲ. ಮೊದಲ ಜೋಡಿಯಲ್ಲಿ ಇರಬಹುದಾದ ನೆಪ ಎರಡನೇ ಜೋಡಿಯಲ್ಲಿ ಇಲ್ಲ. ಹಾಗಾಗಿ ಹಾವು ಮೊದಲು ಬಂದದ್ದೂ ಸುಮ್ನೆ ಅಲ್ಲ.

‘ದಿಟದ’ ಎಂಬ ಪದವನ್ನು ನೋಡಿ. ಕಲ್ಲಿನ ನಾಗರಕ್ಕೆ ಎದುರಾಗಿ ‘ಜೀವದ ನಾಗರ’ ಎನ್ನಬಹುದಿತ್ತು. ‘ದಿಟದ’ ಎಂದರು. ಇದು ನಿಜ ಎಂದರೆ ಅದು ಏನು? ಉತ್ತರವನ್ನು ನಮಗೇ ಬಿಟ್ಟರು. ಬೈಯದೆ ಇರುವುದು ಎಂದರೆ ಹೀಗೆ.

ಇನ್ನು ನಾದ. ವಚನಕ್ಕೆ ಛಂದಸ್ಸಿಲ್ಲ, ಆದಿಪ್ರಾಸದ ಕಟ್ಟಿಲ್ಲ ಎಂದು ಪಾಠದಲ್ಲಿ ಓದಿರುತ್ತೀರಿ. ನಿಜ. ಆದರೆ ಪ್ರಾಸವೇ ಇಲ್ಲ ಎಂದಲ್ಲ. ‘ಕಲ್ಲ’ ಮತ್ತು ‘ಕೊಲ್ಲ’ ಎಂದು ಜೋರಾಗಿ ಹೇಳಿ ನೋಡಿ. ಒಂದು ಸ್ವರ ಬದಲಾದರೆ ಕಲ್ಲು ಕೊಲ್ಲು ಆಗುತ್ತದೆ. ಪೂಜೆಯ ಸಾಲಿನ ಮೊದಲ ಪದ ಅದು, ಕೊಲೆಯ ಸಾಲಿನ ಕೊನೆಯ ಅಪ್ಪಣೆ ಇದು. ನಡುವೆ ‘ಹಾಲ’ ಎಂದು ಒಂದೇ ಲಕಾರದ ಮೆದು ಪದ. ‘ಉಂಬ’, ‘ಉಣ್ಣದ’ ಎರಡೂ ಉಣ್ ಎಂಬ ಒಂದೇ ಧಾತುವಿನಿಂದ ಬಂದವು. ಉಣ್ಣುವವನು, ಉಣ್ಣದ್ದು. ಹಸಿವಿನ ಬಗ್ಗೆ ಕವಿ ಆಡಿದ ಮಾತು ಇಷ್ಟೇ. ಬತ್ತಿದ ಹೊಟ್ಟೆ, ಗುಳಿಬಿದ್ದ ಕಣ್ಣು, ಹರಿದ ಬಟ್ಟೆ ಯಾವುದರ ವರ್ಣನೆಯೂ ಇಲ್ಲ. ಅವನು ಉಣ್ಣಬಲ್ಲವನು, ಅಷ್ಟೇ. ಬಡವನನ್ನು ಕರುಣೆಯ ಬೊಂಬೆ ಮಾಡದೆ ಬಡತನದ ಬಗ್ಗೆ ಬರೆಯುವುದು ಕಷ್ಟ. ಇಲ್ಲಿ ಅದು ಆಗಿದೆ.

ಒಬ್ಬ ವಿದ್ಯಾರ್ಥಿ ಇಲ್ಲಿ ಕೈ ಎತ್ತಿ ಕೇಳಿದ: ‘ಸರ್, ಸಾಲುಗಳ ಬಗ್ಗೆ ಇಷ್ಟು ಹೇಳ್ತಿದ್ದೀರಿ. ಈ ಸಾಲುಗಳನ್ನು ಮಾಡಿದ್ದು ಬಸವಣ್ಣನವರೇನಾ?’ ಒಳ್ಳೆಯ ಪ್ರಶ್ನೆ. ಅಲ್ಲ. ತಾಳೆಗರಿಯಲ್ಲಿ ಒಂದೇ ಸಮನೆ ಬರೆದುಕೊಂಡು ಹೋಗುತ್ತಿದ್ದರು. ಸಾಲು ಒಡೆದದ್ದು ಸಂಪಾದಕರು, ಅಚ್ಚಿನ ಕಾಲದಲ್ಲಿ. ವಿಜಯಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆ ಮನೆ ತಿರುಗಿ ತಾಳೆಗರಿ ಕೂಡಿಸಿದರು. ಅವರ ‘ವಚನಶಾಸ್ತ್ರಸಾರ’ 1923ರಲ್ಲಿ ಬಂತು. ವಚನಗಳನ್ನು ನಾವಿವತ್ತು ಹೀಗೆ ಕೈಯಲ್ಲಿ ಹಿಡಿದು ಓದುತ್ತಿದ್ದರೆ ಅದರಲ್ಲಿ ಅವರ ಪಾಲು ದೊಡ್ಡದು. ಆದರೆ ಸಾಲು ಒಡೆಯದಿದ್ದರೂ ಈ ವಚನದ ತುಂಡುಗಳು ತಾವೇ ಬೇರೆಯಾಗುತ್ತವೆ. ‘ಎಂಬರು’ ಬಂದಲ್ಲಿ ಉಸಿರು ನಿಲ್ಲುತ್ತದೆ. ಒಂದು ಬಿಟ್ಟು ಒಂದಕ್ಕೆ ‘ಅಯ್ಯಾ’ ಬರುತ್ತದೆ. ಜೋಡಿ ಮುಗಿಯಿತು ಎಂದು ಅದು ಕಿವಿಗೆ ಹೇಳುತ್ತದೆ. ಜೊತೆಗೆ ಪಕ್ಕದಲ್ಲಿ ಒಬ್ಬ ಕೇಳುಗ ಇದ್ದಾನೆ ಎಂದೂ ನೆನಪಿಸುತ್ತದೆ. ಭಾಷಣದ ದನಿ ಅಲ್ಲ ಅದು, ಕಟ್ಟೆಯ ಮೇಲೆ ಕೂತು ‘ನೋಡಯ್ಯಾ, ಹೀಗಂತಾರೆ’ ಎನ್ನುವ ದನಿ.

‘ಕಂಡಡೆ’ ಎಂಬುದನ್ನೂ ಒಂದು ಚೂರು ನೋಡಿಬಿಡೋಣ. ನಾಗರ ಎರಡು ಸಲವೂ ಕಾಣುತ್ತದೆ. ಜಂಗಮ ಕಾಣುವುದಿಲ್ಲ, ‘ಬಂದಡೆ’ ಎಂದಿದೆ. ಅವನು ತಾನಾಗಿ ನಡೆದು ಬಾಗಿಲಿಗೆ ಬಂದಿದ್ದಾನೆ. ಲಿಂಗದ ಸಾಲಿನಲ್ಲಿ ಕಾಣುವುದೂ ಇಲ್ಲ, ಬರುವುದೂ ಇಲ್ಲ. ಅದು ಇದ್ದಲ್ಲೇ ಇದೆ, ಬೋನವೇ ಅಲ್ಲಿಗೆ ಹೋಗಬೇಕು. ಮನೆಯವರೆಗೂ ಬಂದವನಿಗೆ ಇಲ್ಲ, ಬಾರದ್ದಕ್ಕೆ ಹೊತ್ತುಕೊಂಡು ಹೋಗಿ ಹಿಡಿಯುತ್ತಾರೆ. ಉತ್ತರ ಕರ್ನಾಟಕದಲ್ಲಿ ಈಗಲೂ ದೇವರಿಗೆ ‘ಎಡಿ ಹಿಡಿಯೋದು’ ಅನ್ನುತ್ತಾರೆ. ಬೋನ, ಎಡಿ, ಹೆಸರು ಬೇರೆಯಾದರೂ ‘ಹಿಡಿ’ ಹಾಗೇ ಉಳಿದಿದೆ. ಹಿಡಿದದ್ದನ್ನು ಆಮೇಲೆ ಯಾರು ಉಣ್ಣುತ್ತಾರೆ ಎಂದು ನಾನು ಹೇಳಬೇಕಾಗಿಲ್ಲ.

ಎರಡನೇ ಪ್ರಶ್ನೆ ಒಬ್ಬ ಹುಡುಗಿಯದು. ‘ಹಾಗಾದರೆ ಬಸವಣ್ಣನವರು ಲಿಂಗಪೂಜೆಯನ್ನೇ ಬೇಡ ಅಂತಾರಾ?’ ಇಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು. ಈ ವಚನವನ್ನು ನಾಸ್ತಿಕರ ಘೋಷಣೆಯಾಗಿ ಓದುವವರಿದ್ದಾರೆ. ಬಸವಣ್ಣನವರು ಮೈಮೇಲೆ ಇಷ್ಟಲಿಂಗ ಧರಿಸಿದವರು. ‘ಉಣ್ಣದ ಲಿಂಗ’ ಎನ್ನುವುದು ಲಿಂಗಕ್ಕೆ ಮಾಡಿದ ಅವಮಾನವಲ್ಲ, ಇರುವ ಸಂಗತಿ. ಶರಣರ ದಾಸೋಹದ ಲೆಕ್ಕದಲ್ಲಿ ಜಂಗಮನಿಗೆ ನೀಡಿದ್ದು ಲಿಂಗಕ್ಕೆ ಮುಟ್ಟುತ್ತದೆ. ಆ ಲೆಕ್ಕದ ಪ್ರಕಾರ ಈ ಮನೆಯವರು ಲಿಂಗಕ್ಕೂ ಏನೂ ಕೊಟ್ಟಿಲ್ಲ. ಅವರ ಭಕ್ತಿ ಜಾಸ್ತಿಯಾಯಿತು ಎಂಬುದು ದೂರಲ್ಲ, ಭಕ್ತಿ ಇಲ್ಲವೇ ಇಲ್ಲ ಎಂಬುದು ದೂರು.

ಇದಕ್ಕೆ ಸೇರಿದ ಇನ್ನೊಂದು ಎಚ್ಚರಿಕೆ. ಜಂಗಮ ಎಂದರೆ ‘ಬಡವ’ ಎಂದು ನೇರವಾಗಿ ಅನುವಾದಿಸಿಬಿಟ್ಟರೆ ನಮಗೆ ಬೇಕಾದ ಅರ್ಥ ಸುಲಭವಾಗಿ ಸಿಗುತ್ತದೆ, ನಿಜ. ಆದರೆ ಅವನು ಬರೀ ಬಡವನಲ್ಲ. ಮನೆಯಿಲ್ಲದೆ, ಕೂಡಿಡದೆ, ಊರೂರು ತಿರುಗುವ ಶರಣ. ಅವನ ಬಡತನ ಅರ್ಧ ಅವನೇ ಆರಿಸಿಕೊಂಡದ್ದು. ಹಸಿವು ಮಾತ್ರ ಆರಿಸಿಕೊಂಡದ್ದಲ್ಲ, ಅದು ಎಲ್ಲರ ಹೊಟ್ಟೆಯಲ್ಲೂ ಒಂದೇ. ‘ಉಂಬ’ ಎಂಬ ವಿಶೇಷಣ ಇರುವುದರಿಂದಲೇ ಜಂಗಮ ಎಂಬ ಪದ ಆ ಕಾಲದ ಅರ್ಥದಿಂದ ಹೊರಗೆ ಬಂದು ಇವತ್ತಿನ ಯಾವ ಹಸಿದವನನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ನಮ್ಮ ಓದಿಗೆ ದಾರಿ ಮಾಡಿಕೊಟ್ಟದ್ದು ಆ ಒಂದು ಪದ.

ಬಡತನದ ಮಾತು ಬಂದಿದ್ದರಿಂದ ‘ಉಳ್ಳವರು’ ವಚನಕ್ಕೆ ಒಂದು ನಿಮಿಷ ಹೋಗಿ ಬರೋಣ. ‘ನಾನೇನ ಮಾಡಲಿ ಬಡವನಯ್ಯಾ’ ಎನ್ನುವವರು ಯಾರು? ಕಲ್ಯಾಣದಲ್ಲಿ ಬಿಜ್ಜಳನ ಭಂಡಾರ ನೋಡಿಕೊಂಡಿದ್ದವರು. ಊರಿನ ಹಣದ ಬೀಗದ ಕೈ ಇದ್ದವರು ‘ನಾನು ಬಡವ’ ಎಂದರೆ ಏನರ್ಥ? ವಿನಯ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನನಗೆ ಅದು ಸಾಲದು. ಇದು ಕವಿ ಹಾಕಿಕೊಂಡ ಪಾತ್ರ. ಗುಡಿ ಕಟ್ಟಲಾರದವನ ಬಾಯಿಂದಲೇ ‘ಎನ್ನ ಕಾಲೇ ಕಂಬ, ದೇಹವೇ ದೇಗುಲ’ ಎಂಬ ಮಾತು ಬರಬೇಕಿತ್ತು. ಕಟ್ಟಬಲ್ಲವನು ಅದನ್ನು ಹೇಳಿದರೆ ನೆಪ ಆಗುತ್ತಿತ್ತು. ಅದಕ್ಕೇ ಆ ದನಿಯನ್ನು ತೆಗೆದುಕೊಂಡರು. ನಮ್ಮ ವಚನದಲ್ಲಿ ಇದಕ್ಕೆ ಉಲ್ಟಾ. ಇಲ್ಲಿ ಬಡವನಿಗೆ ಮಾತೇ ಇಲ್ಲ. ಜಂಗಮ ಬರುತ್ತಾನೆ, ‘ನಡೆ’ ಅನ್ನಿಸಿಕೊಳ್ಳುತ್ತಾನೆ, ಮುಗಿಯಿತು. ಮಾತೆಲ್ಲ ಉಳ್ಳವರದೇ. ಅವರ ಮಾತನ್ನೇ ಆಡಿಸಿ ಅವರನ್ನು ಸಿಕ್ಕಿಸಿಹಾಕುವುದು ಇಲ್ಲಿನ ತಂತ್ರ.

ಇದೇ ವಿಷಯಕ್ಕೆ ಬೇರೆ ದಾರಿಯೂ ಇದೆ. ಪುರಂದರದಾಸರ ‘ಉದರವೈರಾಗ್ಯವಿದು’ ಕೀರ್ತನೆ ಕೇಳಿದ್ದೀರಿ. ಉದಯಕಾಲದಲ್ಲೆದ್ದು ಗಡಗಡ ನಡುಗುತ್ತಾ ನದಿಯಲ್ಲಿ ಮಿಂದೆ ಎಂದು ಹಿಗ್ಗುವವನ ಚಿತ್ರ. ಪೂಜೆಗೆ ಸಾಲಾಗಿ ಜೋಡಿಸಿದ ಕಂಚು ಹಿತ್ತಾಳೆಯ ಮೂರ್ತಿಗಳನ್ನು ನೋಡಿದರೆ ಕಂಚುಗಾರನ ಬಿಡಾರದ ಹಾಗಿದೆ ಎನ್ನುತ್ತಾರೆ ದಾಸರು. ನಗು ಬರುತ್ತದೆ. ಅವರು ಬಣ್ಣ ಹಚ್ಚಿ ತೋರಿಸುತ್ತಾರೆ, ಹೆಸರಿಟ್ಟು ಕರೆಯುತ್ತಾರೆ, ಪಲ್ಲವಿಯಲ್ಲೇ ತೀರ್ಪು ಕೊಡುತ್ತಾರೆ. ಹಾಡಿಗೆ ಅದು ಸರಿ. ಪಲ್ಲವಿ ಮತ್ತೆ ಮತ್ತೆ ಬರಬೇಕಲ್ಲ, ತೀರ್ಪು ಅಲ್ಲೇ ಇರಬೇಕು. ವಚನಕ್ಕೆ ಪಲ್ಲವಿ ಇಲ್ಲ, ತೀರ್ಪನ್ನು ಕೊನೆಯವರೆಗೆ ತಡೆಹಿಡಿಯಬಹುದು. ಯಾವುದು ಮೇಲು ಎಂದು ಕೇಳಬೇಡಿ. ಸಭೆಯಲ್ಲಿ ನಗಿಸಬೇಕಾದರೆ ನಾನು ದಾಸರನ್ನೇ ಕರೆಯುತ್ತೇನೆ.

ಈಗ ಕೊನೆಯ ಎರಡು ಸಾಲು. ಭಾಷಣಗಳಲ್ಲಿ ಈ ವಚನ ಸಾಮಾನ್ಯವಾಗಿ ನಾಲ್ಕು ಸಾಲಿಗೆ ನಿಂತುಬಿಡುತ್ತದೆ. ಗೋಡೆಗೆ ಬರೆಯುವವರೂ ಅಷ್ಟೇ ಬರೆಯುತ್ತಾರೆ. ಉಳಿದದ್ದು ಧರ್ಮದ ಮಾತು, ನಮಗೆ ಬೇಡ ಎನ್ನುವ ಹಾಗೆ. ನನಗೆ ಅದು ಒಪ್ಪಿಗೆಯಿಲ್ಲ. ವಚನ ತನ್ನ ವರಸೆ ಬದಲಿಸುವುದೇ ಅಲ್ಲಿ. ‘ಎಂಬರು’ ನಿಲ್ಲುತ್ತದೆ. ಮೊದಲ ಸಲ ‘ನಮ್ಮ’ ಎಂಬ ಪದ ಬರುತ್ತದೆ, ಕವಿ ಒಂದು ಪಕ್ಷಕ್ಕೆ ಸೇರಿ ನಿಲ್ಲುತ್ತಾರೆ. ‘ಕಂಡು’ ಮರಳಿ ಬರುತ್ತದೆ, ಈ ಸಲ ಕಂಡದ್ದು ಶರಣರನ್ನು. ಹಾವನ್ನು ಕಂಡರೆ ಭಯವಾದರೂ ಆಗಿತ್ತು, ಇವರನ್ನು ಕಂಡರೆ ಏನೂ ಆಗುವುದಿಲ್ಲ. ‘ಉದಾಸೀನ’. ಎರೆ, ಕೊಲ್ಲು, ಹಿಡಿಗಳ ನಡುವೆ ಇದೊಂದು ಭಾರದ ಸಂಸ್ಕೃತ ಪದ, ಓಡುತ್ತಿದ್ದ ವಚನ ಇಲ್ಲಿ ಬಂದು ನಿಧಾನವಾಗುತ್ತದೆ.

ಆಮೇಲೆ ಇಡೀ ವಚನದ ಒಂದೇ ಒಂದು ಹೋಲಿಕೆ. ಮಿಟ್ಟೆ ಎಂದರೆ ಮಣ್ಣಿನ ಹೆಂಟೆ. ಕಲ್ಲಿಗೆ ತಾಗಿದರೆ ಪುಡಿ. ಪರೀಕ್ಷೆಯಲ್ಲಿ ‘ಉಪಮಾಲಂಕಾರ’ ಎಂದು ಬರೆದು ಅಂಕ ತೆಗೆದುಕೊಳ್ಳುತ್ತೀರಿ, ತಪ್ಪೇನಿಲ್ಲ. ಆದರೆ ಇಲ್ಲಿ ಕಲ್ಲು ಯಾರು? ಮೊದಲ ಸಾಲಿನ ಕಲ್ಲು ಜೀವವಿಲ್ಲದ್ದು, ಹಾಲು ಕುಡಿಯಲಾರದ್ದು. ಕೊನೆಯ ಸಾಲಿನ ಕಲ್ಲು ಶರಣ. ಹೊಡೆದರೂ ಅಲುಗದವನು. ಒಂದೇ ಪದ ಆರು ಸಾಲಿನೊಳಗೆ ಪಕ್ಷ ಬದಲಿಸಿದೆ. ಕಲ್ಲಿಗೆ ಕೈ ಮುಗಿದವರಿಗೆ ನಿಜವಾದ ಕಲ್ಲು ಯಾವುದೆಂದು ಗೊತ್ತಾಗಲಿಲ್ಲ, ಅದಕ್ಕೇ ಹೋಗಿ ಡಿಕ್ಕಿ ಹೊಡೆದರು. ಮಿಟ್ಟೆಯನ್ನು ಯಾರೂ ಪುಡಿ ಮಾಡಲಿಲ್ಲ, ತಾನೇ ಹೋಗಿ ತಾಗಿತು. ದೇವರು ಶಿಕ್ಷೆ ಕೊಟ್ಟ ಎಂದೂ ಇಲ್ಲಿಲ್ಲ.

ಒಂದು ತಕರಾರು ನನಗಿದೆ. ವಚನ ಮುಗಿಯುವಾಗ ಅಟ್ಟಿದವರ ಗತಿ ನಮಗೆ ಗೊತ್ತಾಗುತ್ತದೆ. ಅಟ್ಟಿಸಿಕೊಂಡವನ ಗತಿ ಗೊತ್ತಾಗುವುದಿಲ್ಲ. ಮೂರನೇ ಸಾಲಿನ ಜಂಗಮ ಉಣ್ಣಲೇ ಇಲ್ಲ. ಅವನನ್ನು ಅಲುಗದ ಕಲ್ಲು ಎಂದು ಹೊಗಳಿದ್ದೇವೆ, ಆದರೆ ಕಲ್ಲಿಗೆ ಹಸಿವಿಲ್ಲ, ಅವನಿಗಿದೆ. ‘ಉಂಬ’ ಎಂದು ತಾನೇ ಹೇಳಿದ್ದನ್ನು ವಚನ ಕೊನೆಯಲ್ಲಿ ಸ್ವಲ್ಪ ಮರೆಯಿತೇನೋ ಎಂದು ನನಗೆ ಅನ್ನಿಸುತ್ತದೆ. ನೀವು ಒಪ್ಪದಿದ್ದರೆ ಆಮೇಲೆ ಟೀ ಕುಡಿಯುವಾಗ ಜಗಳ ಆಡೋಣ.

ಕಡೆಯ ಕ್ರಿಯಾಪದವನ್ನು ಒಮ್ಮೆ ನೋಡಿ, ಮುಗಿಸುತ್ತೇನೆ. ನಾಲ್ಕು ಸಲ ‘ಎಂಬರು’. ಐದನೆಯದು ‘ಅಪ್ಪರು’, ಅಂದರೆ ಆಗುತ್ತಾರೆ. ನಾಲ್ಕು ಸಾಲು ಬರೀ ಹೇಳುತ್ತಲೇ ಇದ್ದವರಿಗೆ ಕೊನೆಗೆ ಏನೋ ಒಂದು ಆಗುತ್ತದೆ. ಇಡೀ ವಚನದಲ್ಲಿ ಅವರು ಬೇರೆಯವರ ಕೈಯಲ್ಲಿ ಮಾಡಿಸಲಾಗದ ಕೆಲಸ ಅದೊಂದೇ.